ಸುಳ್ಳು ಬೆಂಕಿಯ ಭಾನುವಾರ

ಹನ್ನೆರಡನೇ ಕ್ಲಾಸು ಮುಗಿಸಿದ ಮಗಳು "ಯೂನಿಫಾರಂ ಕೋರ್ಸಿಗೆ ಸೇರುತ್ತೇನೆ" ಎಂದಾಗ ನಾನು ಹೊಲಿಗೆ ಕಲಿಯುತ್ತಾಳೆ ಎಂದುಕೊಂಡೆ. ಸೂರತ್ ಬಟ್ಟೆಯ ಊರು. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಮನೆ ಕಟ್ಟಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಸಂತೋಷದಿಂದ ಹೆಂಡತಿಗೆ ಹೇಳಿದೆ, ಅವಳು ಹಳೆಯ ಹೊಲಿಗೆ ಮಿಷನ್ನಿಗೆ ಎಣ್ಣೆಯನ್ನೂ ಹಾಕಿದಳು. ಆಮೇಲೆ ಗೊತ್ತಾಯಿತು, ಅದು ಯೂನಿಫಾರಂ ಹೊಲಿಯುವ ಕೋರ್ಸಲ್ಲ, ಹಾಕಿಕೊಳ್ಳುವ ಕೋರ್ಸು. ಪೊಲೀಸ್, ಅಗ್ನಿಶಾಮಕ, ಜೈಲು, ಗಡಿ ಕಾವಲು, ಇಂಥ ಕೆಲಸಗಳಿಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವ ಮೂರು ವರ್ಷದ ಡಿಗ್ರಿ. ಬೆಳಿಗ್ಗೆ ಕವಾಯತು, ಆಮೇಲೆ ಕಾನೂನು, ಪ್ರಥಮ ಚಿಕಿತ್ಸೆ. ನನ್ನ ಮಗಳಿಗೆ ಬೇಕಾದದ್ದು ಅಗ್ನಿಶಾಮಕ.

"ಬೆಂಕಿ ಆರಿಸೂಕೂ ಕಾಲೇಜಾ?" ಎಂದೆ.

"ನಿಮ್ಮ ಒಲೆ ಮುಂದೆ ಬೆಳೆದವಳಲ್ದಾ? ಅವಳಿಗೆ ಬೆಂಕಿ ಹೆದ್ರಿಕೆ ಎಲ್ಲಿತ್ತ್?" ಎಂದಳು ಹೆಂಡತಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕುಂದಾಪುರದ ಕಡೆಯಿಂದ ಬಂದು ಅಹಮದಾಬಾದಿನಲ್ಲಿ ಲೋಟ ತೊಳೆದೆ, ವಡೋದರಾದಲ್ಲಿ ಕಾವಲಿಯ ಮುಂದೆ ನಿಂತೆ, ಸೂರತ್ತಿನ ವರಾಛಾದಲ್ಲಿ ಸ್ವಂತ ಹೋಟೆಲು ಹಾಕಿದೆ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ನನ್ನ ದೋಸೆಗಾಗಿ ವಜ್ರ ಉಜ್ಜುವವರು ಮಹಡಿ ಹತ್ತಿ ಬರುತ್ತಾರೆ. ಆದರೆ ಮಗಳು ಖಾಕಿ ಹಾಕಿ, ಬೂಟು ಕಟ್ಟಿ ಮೊದಲ ಸಲ ಮೆಟ್ಟಿಲಿಳಿದ ದಿನ ನಾನು ಗಲ್ಲಾ ಬಿಟ್ಟು ಕಿಟಕಿಗೆ ಹೋಗಿ ನಿಂತಿದ್ದೆ. ಅವಳು ರಸ್ತೆಯ ತಿರುವು ದಾಟುವವರೆಗೂ ಗಿರಾಕಿಗಳು ಚಿಲ್ಲರೆಗೆ ಕಾದರು.

ಕೊನೆಯ ವರ್ಷ ಒಂದು ಪ್ರಾಯೋಗಿಕ ಪರೀಕ್ಷೆ ಬಂತು. ಬೆಂಕಿ ಬಿದ್ದಿದೆ ಎಂದುಕೊಂಡು ಒಂದು ಕಟ್ಟಡದಿಂದ ಜನರನ್ನೆಲ್ಲ ಕೊಟ್ಟ ಸಮಯದೊಳಗೆ ಸುರಕ್ಷಿತವಾಗಿ ಹೊರಗೆ ಕಳಿಸಬೇಕು. ಸರದಿಯಂತೆ ಒಬ್ಬೊಬ್ಬರು ತಂಡದ ನಾಯಕರು, ಕಟ್ಟಡದ ಆಯ್ಕೆಯೂ ಅವರದೇ. ಚೆನ್ನಾಗಿ ಮಾಡಿದ ಒಬ್ಬರಿಗೆ ಮಾತ್ರ ವಡೋದರಾದ ಅಗ್ನಿಶಾಮಕ ಠಾಣೆಯಲ್ಲಿ ತರಬೇತಿ. ಮಗಳಿಗೆ ಆ ಜಾಗದ ಮೇಲೆ ಕಣ್ಣು. ಜೊತೆಯವರೆಲ್ಲ ಜಾಣರು, ಕಾಲೇಜಿನ ಹಾಸ್ಟೆಲನ್ನೇ ಆರಿಸಿಕೊಂಡರು.

"ಹಾಸ್ಟೆಲ್ ಹುಡುಗರು ಸೀಟಿ ಹೊಡೆದರೆ ಇಳೀತಾರೆ ಪಪ್ಪಾ. ಅದ್ರಲ್ಲಿ ಏನು ಬಡೀ ಬಾತ್? ನಮ್ಮ ಹೋಟೆಲ್ ಕೊಡಿ. ಸಂಡೇ ಬೆಳಿಗ್ಗೆ."

ಭಾನುವಾರ ಬೆಳಿಗ್ಗೆ ನನ್ನ ಹೋಟೆಲಿನಲ್ಲಿ ತಿನ್ನುವವರ ಕುರ್ಚಿಯ ಹಿಂದೆ ಕಾಯುವವರು ನಿಂತಿರುತ್ತಾರೆ. ಆದರೂ ಒಪ್ಪಿದೆ. ಹಟ ಅವಳಿಗೆ ಬಂದದ್ದಾದರೂ ಯಾರಿಂದ?

ಒಪ್ಪಿದ ಮೇಲೆ ನನಗೇ ಆಜ್ಞೆ ಬಂತು. "ಬೆಲ್ ಆದ ಕೂಡಲೆ ನೀವು ಗ್ಯಾಸ್ ಬಂದ್ ಮಾಡಿ, ಕೆಲಸದವರನ್ನ ಕರ್ಕೊಂಡು ನೀಚೆ ಹೋಗಿ. ಬಸ್. ಕುಛ್ ಭೀ ಬೋಲಬೇಡಿ." ಹಿಂದಿಗೆ ಕನ್ನಡದ ಬಾಲ ಕಟ್ಟುವುದು ಅವಳ ಅಭ್ಯಾಸ.

"ನನ್ನ ಹೋಟೆಲಲ್ಲಿ ನಾನೇ ಮಾತಾಡೂಕಾಗ?"

"ಹ್ವಾಯ್, ಒಂದ್ ದಿನ ಬಾಯಿ ಮುಚ್ಕಂಡ್ ಇರಿ ಕಾಂಬ," ಎಂದಳು ಹೆಂಡತಿ.

ಇಂದು ಅಭ್ಯಾಸ ನಡೆಯಲಿದೆ, ಗಾಬರಿ ಬೇಡ ಎಂದು ಬಾಗಿಲಿಗೆ ಗುಜರಾತಿಯಲ್ಲಿ ಬೋರ್ಡು ಹಾಕಿದ್ದೆವು. ಯಾರೂ ಓದಲಿಲ್ಲ. ಹೋಟೆಲಿನಲ್ಲಿ ಜನ ಓದುವುದು ದೋಸೆಗಳ ಹೆಸರು ಮಾತ್ರ. ಪರೀಕ್ಷಕರು ಅಗ್ನಿಶಾಮಕದಿಂದ ನಿವೃತ್ತರಾದ ಅಧಿಕಾರಿ, ಬಿಳಿ ಮೀಸೆಯವರು. ಮೂಲೆಯ ಮೇಜಿನಲ್ಲಿ ಕಾಫಿ ಹಿಡಿದು ಗಿರಾಕಿಯಂತೆ ಕೂತರು.

ಬೆಲ್ ಹೊಡೆಯಿತು. ಹಿಂದಿನ ಮೆಟ್ಟಿಲ ಕಡೆಯಿಂದ ಬಿಳಿ ಹೊಗೆ ಬಿಟ್ಟರು. ಖಾಕಿಯ ಹುಡುಗ ಹುಡುಗಿಯರು ಮುಂದಿನ ಮೆಟ್ಟಿಲು ಹತ್ತಿ ಬಂದು ಬಾಗಿಲ ಎರಡೂ ಬದಿಗೆ ನಿಂತರು. ನನ್ನ ಮಗಳು ನಡುವೆ ನಿಂತು ಗುಜರಾತಿಯಲ್ಲಿ ಕೂಗಿದಳು, "ಚಾಲೋ, ಬಧಾ ನೀಚೆ! ಊಠೋ ಕಾಕಾ!" ನಡೆಯಿರಿ, ಎಲ್ಲರೂ ಕೆಳಗೆ, ಏಳಿ ಕಾಕಾ!

ಮೊದಲ ಮೇಜಿನ ಕಾಕಾ ಏಳಲಿಲ್ಲ. "ಬೇ ಮಿನಿಟ್, ಬೆನ್. ಢೋಸೋ ಠಂಡೋ ಥೈ ಜಶೆ," ಎಂದರು. ಎರಡು ನಿಮಿಷ ತಂಗಿ, ದೋಸೆ ಆರಿಹೋಗುತ್ತದೆ! ಹೊಗೆ ನೋಡಿ ಒಬ್ಬರು "ಅಣ್ಣಾ, ಒಗ್ಗರಣೆ ಸೀದಿದೆ" ಎಂದು ಹಿಂದಿಯಲ್ಲಿ ನನಗೇ ಎಚ್ಚರಿಕೆ ಕೊಟ್ಟರು. ಖಾಕಿಯ ಮಕ್ಕಳು ಬಿಡದೆ ಒತ್ತಾಯಿಸಿದ ಮೇಲೆ ಜನ ಎದ್ದರು, ಆದರೆ ಸೂರತ್ತಿನವರು ತಟ್ಟೆ ಬಿಟ್ಟು ಏಳುವವರೇ? ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ಸಾಂಬಾರಿನ ಬಟ್ಟಲು. ಮುಂದೆ ಹೋದವರು ಮೆಟ್ಟಿಲ ಮೇಲೇ ಕೂತು ತಿನ್ನತೊಡಗಿದರು. ಹಿಂದಿನವರು ಬಂದು ಅವರ ಬೆನ್ನಿಗೆ ನಿಂತರು. ಮೆಟ್ಟಿಲ ಬಾಯಲ್ಲಿ ಜನ ಕಿಕ್ಕಿರಿದು ನಿಂತಿತು. ನಡುವೆ ಒಬ್ಬ ಮುದುಕಿ ವಾಲಿದ್ದು ಕಂಡಿತು.

ಗ್ಯಾಸ್ ಬಂದ್ ಮಾಡಿ ಬಂದವನು ಅದನ್ನು ನೋಡಿದೆ. ಮೆಲ್ಲಗೆ ಇಳಿಯಲಿ, ನೂಕಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಎಷ್ಟೇ ಗುಜರಾತಿ ಕಲಿತರೂ ಗಾಬರಿಯಲ್ಲಿ ಬಾಯಿಗೆ ಬರುವುದು ಊರಿನ ಮಾತೇ. ಅಡಿಗೆಮನೆಗೆ ಆರ್ಡರು ಕೂಗುವ ಗಂಟಲಿನಿಂದ ಕೂಗಿದೆ: "ಸಾವಧಾನ! ಸಾವಧಾನ!"

ನಮ್ಮಲ್ಲಿ ಸಾವಧಾನ ಎಂದರೆ ನಿಧಾನ, ಅವಸರ ಬೇಡ. ಕವಾಯತಿನ ಮೈದಾನದಲ್ಲಿ ಸಾವ್‌ಧಾನ್ ಎಂದರೆ ಹಿಮ್ಮಡಿ ಸೇರಿಸಿ ನೆಟ್ಟಗೆ ನಿಲ್ಲು! ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅದನ್ನೇ ಕೇಳಿದ ಮಕ್ಕಳು. ಟಪ್ಪೆಂದು ಬೂಟುಗಳು ಕೂಡಿಕೊಂಡವು. ಇಡೀ ತಂಡ ಎದೆ ಉಬ್ಬಿಸಿ ಕಲ್ಲಾಗಿ ನಿಂತಿತು. ನನ್ನ ಮಗಳೂ. ಗಿರಾಕಿಗಳು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅಲ್ಲೇ ಹಿಡಿದರು. ನನ್ನ ಹೋಟೆಲಿನಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ.

ಮುಗಿಯಿತು, ವಡೋದರಾ ನನ್ನ ಬಾಯಿಂದಲೇ ಹೋಯಿತು ಎಂದುಕೊಂಡೆ. ಮಗಳು ಕಣ್ಣನ್ನಷ್ಟೇ ತಿರುಗಿಸಿ ನನ್ನತ್ತ ನೋಡಿದಳು. ಚಿಕ್ಕವಳಿದ್ದಾಗ ಚಟ್ನಿ ಚೆಲ್ಲಿದರೆ ನಾನು ನೋಡುತ್ತಿದ್ದೆನಲ್ಲ, ಥೇಟ್ ಹಾಗೆ. ಮರುಕ್ಷಣ ಆ ಮೌನವನ್ನೇ ಹಿಡಿದುಕೊಂಡಳು. "ವಿಶ್ರಾಮ್!" ತಂಡ ಸಡಿಲವಾಯಿತು. ಕೂಗಾಡದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: ತಟ್ಟೆ ಕೈಯಿಂದ ಕೈಗೆ ಹಿಂದಕ್ಕೆ, ಮೇಜಿನ ಮೇಲೆ, ಒಂದು ಕೈ ಕಂಬಿಯ ಮೇಲೆ, ವಯಸ್ಸಾದವರು ಮೊದಲು. ಇಬ್ಬರು ಹುಡುಗಿಯರು ಮುದುಕಿಯ ತೋಳು ಹಿಡಿದರು. ಸಾಲು ಹರಿಯಿತು.

ನಾನು ನಿಂತೇ ಇದ್ದೆ. ಯಜಮಾನ ಕೊನೆಗೆ ಇಳಿಯಬೇಕಲ್ಲವೇ?

"ಕಾಕಾ, ನೀಚೆ," ಎಂದಳು ನನಗೂ.

"ಮಗಾ, ನಾನ್ ಕೊನಿಗೆ..."

"ಕೊನೆಗೆ ನಾನು. ನೀಚೆ!"

ಇಳಿದೆ. ಈ ಮೆಟ್ಟಿಲ ಮೇಲೆ ನನ್ನನ್ನು ಯಾರೂ ಹಾಗೆ ಗದರಿಸಿರಲಿಲ್ಲ. ಇಳಿಯುತ್ತ ನಗು ತಡೆಯಲಾಗಲಿಲ್ಲ.

ಕೆಳಗೆ ತಲೆ ಎಣಿಸಿದರೆ ಒಳಗಿದ್ದವರಿಗಿಂತ ಹೆಚ್ಚು ಜನ. ಪಕ್ಕದ ಕಬ್ಬಿನ ಹಾಲಿನ ಅಂಗಡಿಯವರೂ ತಮಾಷೆಗೆ ಸಾಲಿನಲ್ಲಿ ಸೇರಿಕೊಂಡಿದ್ದರು. ಮಗಳು ಅವರನ್ನು ಒಬ್ಬೊಬ್ಬರಾಗಿ ಹೆಕ್ಕಿ ಹೊರಗೆ ಹಾಕಿದಳು. ಪರೀಕ್ಷಕರು ಗಡಿಯಾರ ನೋಡಿಕೊಂಡು, "ಆ ಆರ್ಡರ್ ಕೊಟ್ಟವರು ಯಾರು?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಮುಂದೆ ಹೋಗಿ ಕೈ ಮುಗಿದು, ನಮ್ಮ ಭಾಷೆಯಲ್ಲಿ ಅದರ ಅರ್ಥ ಬೇರೆ ಎಂದು ವಿವರಿಸಿದೆ. ಅವರ ಮೀಸೆ ಅಲುಗಿತು.

"ನಿಜವಾದ ಬೆಂಕಿಯಲ್ಲೂ ಯಾರಾದರೂ ಏನಾದರೂ ಕೂಗಿಯೇ ಕೂಗುತ್ತಾರೆ. ಹಾಸ್ಟೆಲಿನಲ್ಲಿ ಯಾರೂ ಕೂಗಲಿಲ್ಲ, ಅದಕ್ಕೆ ಅಲ್ಲಿ ಯಾರು ಹೇಗೆ ನಿಭಾಯಿಸುತ್ತಾರೆ ಎಂದು ನನಗೆ ತಿಳಿಯಲೇ ಇಲ್ಲ," ಎಂದು ಅವಳತ್ತ ತಿರುಗಿದರು. "ಸಮಯ ಮೀರಿಲ್ಲ. ವಡೋದರಾಕ್ಕೆ ಹೊರಡಲು ತಯಾರಿ ಮಾಡಿಕೋ."

ಅವಳು ಸೆಲ್ಯೂಟ್ ಹೊಡೆದಳು. ಕೈ ನೆಟ್ಟಗಿತ್ತು, ಇಳಿಸಲು ಮಾತ್ರ ಮರೆತಳು. ಕೆಲಸದವರ ಜೊತೆ ಇಳಿದಿದ್ದ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಹೊಗೆ ಜಾಸ್ತಿ ಆಯ್ತ್," ಎಂದಳು.

ದೋಸೆ ಬಿಟ್ಟು ಬಂದ ಕಾಕಾ ನನ್ನ ಭುಜ ತಟ್ಟಿದರು. "ಅಣ್ಣಾ, ಆ ಛೋಕರಿ ಬೌ ಕಡಕ್. ಕೋಣ ಛೆ?" ಬಹಳ ಬಿಗಿ ಹುಡುಗಿ, ಯಾರವಳು?

"ಮಾರೀ ದೀಕರೀ," ಎಂದೆ. ನನ್ನ ಮಗಳು. ಕಾಕಾ ಪಕ್ಕದಲ್ಲೇ ಇದ್ದರು, ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಬೀದಿಯ ಆ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿದವನೂ ತಿರುಗಿ ನೋಡಿದ.