ಪಲ್ಯದ ಪಾತ್ರೆಯ ತಳ

ಗಾಜಿನ ನಳಿಕೆಯಲ್ಲಿದ್ದ ನೀಲಿ ದ್ರಾವಣ ಬೆಂಕಿಗೆ ಹಿಡಿದ ಸ್ವಲ್ಪ ಹೊತ್ತಿಗೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನಮ್ಮಕ್ಕ ಜಯಮ್ಮನ ಮೂತ್ರ ಪರೀಕ್ಷೆ. ಹಿಂದಿನ ತಿಂಗಳೂ ಅದೇ ಬಣ್ಣ. (ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ. ಇಟ್ಟಿಗೆ ಬಣ್ಣ ಬಂದರೆ ಅದರಾಚೆಗೆ ಬೇರೆ ಬಣ್ಣವಿಲ್ಲ.)

ಕೆ.ಆರ್. ಪೇಟೆಯ ಡಾಕ್ಟರು ನಳಿಕೆಯನ್ನು ಬೆಳಕಿಗೆ ಹಿಡಿದರು.

"ಏನಮ್ಮ, ಕದ್ದು ಸಿಹಿ ತಿಂತೀರಾ?"

"ಕದಿಯಕೆ ಮನೇಲಿ ಏನದೆ ಸಾಮಿ? ಕಾಪಿಗೆ ಬೆಲ್ಲ ಆಕ್ದೆ ಎರಡು ತಿಂಗ್ಳಾಯ್ತು."

ಅಕ್ಕನ ಬಲಗಾಲಿನ ಹೆಬ್ಬೆರಳಿಗೆ ಕಬ್ಬು ಕಡಿದ ಮೇಲೆ ಉಳಿದ ಕೂಳೆ ಚುಚ್ಚಿ ಆದ ಗಾಯ ಆರಿರಲಿಲ್ಲ. ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು. "ಇನ್ನೊಂದು ತಿಂಗಳು ನೋಡ್ತೀನಿ. ಸಕ್ಕರೆ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು.

ಅಕ್ಕ ಮಾತ್ರೆ ತಪ್ಪಿಸಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ? ಸುಳ್ಳು ಹೇಳುತ್ತಿದ್ದಾಳೆಯೇ? ಒಡಹುಟ್ಟಿದ ನನಗೂ ಆ ಅನುಮಾನ ಬಂತು. ಬಸ್ಸು ಹತ್ತಿ ಅವಳ ಜೊತೆ ಅವಳ ಗಂಡನ ಮನೆಗೆ ಹೋದೆ.

ಅವಳ ಊರು ಪಾಂಡವಪುರ ತಾಲ್ಲೂಕಿನದು. ಮೊದಲ ಸಲ ಡಾಕ್ಟರು ಕೊಟ್ಟ ಪಥ್ಯದ ಹಾಳೆಯಲ್ಲಿ ಸೇಬು, ಬ್ರೆಡ್ಡು, ಕೆನೆ ತೆಗೆದ ಹಾಲು ಎಂದೆಲ್ಲ ಇತ್ತು. ಸೇಬನ್ನು ಆ ಮನೆಯವರು ನೋಡುವುದು ಯಾರಾದರೂ ಆಸ್ಪತ್ರೆ ಸೇರಿದಾಗ. ಆ ಹಾಳೆಯ ಹಿಂಬದಿಯಲ್ಲಿ ನಾನೇ ಬೇರೆ ಪಟ್ಟಿ ಬರೆದುಕೊಟ್ಟಿದ್ದೆ. ಹೊಲದ ಬದುವಿನಲ್ಲಿ ಸಿಗುವ ಸೊಪ್ಪು, ಮನೆಯಲ್ಲೇ ಬೆಳೆದ ಹುರುಳಿಕಾಳು, ಅಲಸಂದೆ, ಮಜ್ಜಿಗೆ. ಮುದ್ದೆ ಅರ್ಧ, ಹೆಚ್ಚಾದರೆ ಅದೂ ಮೈಯಲ್ಲಿ ಸಕ್ಕರೆಯೇ. ಡಾಕ್ಟರು ನೋಡಿ ಆಗಬಹುದು ಎಂದಿದ್ದರು. ಒಬ್ಬರಿಗೇ ಬೇರೆ ಅಡುಗೆ ಬೇಡ, ಮನೆಮಂದಿಯೆಲ್ಲ ಇದನ್ನೇ ಉಣ್ಣಲಿ ಎಂದು ಭಾವನೂ ಒಪ್ಪಿದ್ದರು. ಖರ್ಚಿಲ್ಲ, ರಗಳೆಯಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಪತ್ರಿಕೆಯ ಇದೇ ಅಂಕಣದಲ್ಲಿ ಆ ಪಟ್ಟಿಯನ್ನು ಅಚ್ಚು ಹಾಕಿಸಿದ್ದೂ ನಿಮಗೆ ನೆನಪಿರಬಹುದು.

ಅಂದು ಮಧ್ಯಾಹ್ನ ಬಸ್ಸಾರು. ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಎರಡು ಮಾತು: ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ.

ಭಾವ, ಭಾವನ ತಮ್ಮ, ಅಕ್ಕನ ಮಗ, ನಾನು ಸಾಲಾಗಿ ಕುಳಿತೆವು. ಅಕ್ಕ ಬಡಿಸಿದಳು. ಅವಳ ಅತ್ತೆ ಕಂಬಕ್ಕೊರಗಿ, "ಉಣ್ಣಪ್ಪ, ನಾಚ್ಕಬ್ಯಾಡ. ಇನ್ನೊಂದೀಟು ಪಲ್ಯ ಇಕ್ಕಮ್ಮಿ ಅವ್ನಿಗೆ" ಎಂದರು. ನಾನು ನಾಚಿಕೊಳ್ಳಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಮೂರು ಗಂಟೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕ ಆಗ ತಾನೇ ಊಟಕ್ಕೆ ಕುಳಿತಿದ್ದಳು. ತಟ್ಟೆಯಲ್ಲಿ ದೊಡ್ಡ ಮುದ್ದೆ, ಅದರ ಸುತ್ತ ತಿಳಿಸಾರು. ಪಲ್ಯದ ಪಾತ್ರೆ ಪಕ್ಕದಲ್ಲೇ ಇತ್ತು. ಬಳಿದಿಟ್ಟ ಹಾಗಿತ್ತು.

"ಪಲ್ಯ ಎಲ್ಲಿ?"

"ಮುಗೀತು ಕಣ್ಲಾ. ನೀನೇ ಎರಡು ದಪ ಆಕುಸ್ಕಂಡ್ಯಲ್ಲ."

"ದಿನಾ ಹಿಂಗೇನಾ?"

"ನೆಂಟ್ರಿಲ್ದಿದ್ರೆ ಒಂದು ಸವುಟು ಮಿಗ್ತದೆ. ಅದು ಅತ್ತೆಗೆ."

"ಅರ್ಧ ಮುದ್ದೆ ಅಂತ ಬರ್ದಿದ್ದೆನಲ್ಲಕ್ಕ?"

"ಬರ್ದಿದ್ದೆ ಬುಡು. ಅರ್ಧ ಮುದ್ದೆ, ಇಷ್ಟು ಸಾರು ಕುಡ್ದು ಹಸುಗೆ ಉಲ್ಲು ಕುಯ್ಯಕ್ಕೋಗು ನೋಡನ. ಗದ್ದೆ ಬದಿನಲ್ಲೇ ಬಿದ್ದೋಯ್ತೀಯ."

ನಾನು ಪತ್ರಿಕೆಯಲ್ಲಿ ದುಡಿಯುವವನು. ಎರಡು ತಿಂಗಳಿಂದ, ಬಂದಾಗಲೆಲ್ಲ ಇವತ್ತು ಏನು ಬೇಯಿಸಿದಿರಿ ಎಂದು ಕೇಳುತ್ತಿದ್ದೆ. ಯಾರು ಉಂಡರು ಎಂದು ಒಂದು ದಿನವೂ ಕೇಳಲಿಲ್ಲ. ಸಕ್ಕರೆ ಕಾಯಿಲೆಯ ಪಥ್ಯವನ್ನು ಕಾಯಿಲೆಯಿಲ್ಲದ ನಾಲ್ವರು ಗಂಡಸರು ಚಾಚೂ ತಪ್ಪದೆ ಮಾಡುತ್ತಿದ್ದೆವು. ಕಾಯಿಲೆಯವಳ ಪಾಲಿಗೆ ಬರೀ ಮುದ್ದೆ.

"ಬಡಿಸೋ ಮುಂಚೆ ನಿನ್ನ ಪಾಲು ಎತ್ತಿಟ್ಟುಕೊ" ಎಂದೆ. ಒಳಗೆ ಬಂದಿದ್ದ ಅತ್ತೆಗೆ ಕೇಳಿಸಿತು. "ಗಂಡುಸ್ರು ಉಣ್ಣಕ್ಕೆ ಮುಂಚೆ ಎತ್ತಿಕ್ಕದಾ? ಅದು ಕದ್ದಂಗಲ್ವಾ?" ಎಂದರು. ಕೋಪದ ಮಾತಲ್ಲ. ಅವರೂ ಒಂದು ಜನ್ಮವಿಡೀ ಕೊನೆಗೇ ಉಂಡವರು.

ಅಕ್ಕ ಮುದ್ದೆ ಮುರಿದು ನುಂಗಿದಳು.

ಮರುದಿನ ಮಧ್ಯಾಹ್ನ ನಾವು ಕೈತೊಳೆದು ಬರುವಷ್ಟರಲ್ಲಿ ಅಕ್ಕ ನಡುಮನೆಯಲ್ಲಿ ತಟ್ಟೆ ಹಾಕಿಕೊಂಡು ಕುಳಿತಿದ್ದಳು. ಅರ್ಧ ಮುದ್ದೆ. ತಟ್ಟೆಯ ಮುಕ್ಕಾಲು ಭಾಗ ಹುರುಳಿಕಾಳು, ಸೊಪ್ಪು. ನಾವು ಬಾಗಿಲಲ್ಲೇ ನಿಂತೆವು.

"ಏನಮ್ಮೀ, ಇವತ್ತು ನಿಂದು ಅಬ್ಬವಾ?" ಭಾವ ನಕ್ಕರು.

"ಊಂ. ಬೆರಳು ಉಳುಸ್ಕಳ ಅಬ್ಬ."

ಅತ್ತೆ ತಡೆಯಲಿಲ್ಲ, ಸುಮ್ಮನೂ ಇರಲಿಲ್ಲ. "ಗಂಡುಸ್ರು ನಿಂತಿರುವಾಗ ಎಂಗುಸು ತಟ್ಟೆ ಮುಂದೆ ಕುಂತಿದ್ದ ನಾ ಕಂಡಿಲ್ಲ ಕಣಮ್ಮಿ."

"ಈಗ ಕಾಣಿ ಅತ್ತೆ. ಬೆರಳು ಕುಯ್ಯುಸ್ಕಂಡು ಮೂಲೇಲಿ ಬಿದ್ಕಂಡ್ರೆ ನನ್ಗೂ ಇವ್ರಿಗೂ ನೀವೇ ಇಕ್ಬೇಕಾಯ್ತದೆ. ಆಯ್ತದಾ?"

ಭಾವನ ನಗು ನಿಂತಿತು. ಅವರು ಪಾತ್ರೆ ಇಣುಕಿ ನೋಡಿದರು. "ನಮ್ಗೆ ಪಲ್ಯ ಸಾಕಾಗಾಕಿಲ್ವಲ್ಲ" ಎಂದರು.

"ಸಾರದೆ, ಮುದ್ದೆ ಅದೆ. ಕಾಯಿಲೆ ಇಲ್ದೋರು ಅದ್ನೇ ಉಣ್ಣಿ" ಎಂದು ಅಕ್ಕ ಮೊದಲ ತುತ್ತು ಬಾಯಿಗಿಟ್ಟಳು.

ಉಂಡೆವು. ಯಾರೂ ಸಾಯಲಿಲ್ಲ.

ಕಡಿಮೆ ಖರ್ಚಿನ ಸಕ್ಕರೆ ಪಥ್ಯ ಯಾವುದೆಂದು ಕೇಳಿ ನಾಗಮಂಗಲದಿಂದ, ಶ್ರೀರಂಗಪಟ್ಟಣದಿಂದ ನೀವು ಕಾಗದ ಬರೆಯುತ್ತೀರಿ. ಬರೆಯುವವರು ಹೆಚ್ಚಾಗಿ ಗಂಡಸರು. "ನಮ್ಮ ಮನೆಯವರಿಗೆ ಎಷ್ಟು ಪಥ್ಯ ಮಾಡಿದರೂ ಇಳಿಯುತ್ತಿಲ್ಲ" ಎಂದು ದೂರುತ್ತೀರಿ. ಪಟ್ಟಿ ಹಳೆಯದೇ ಸಾಕು ಸ್ವಾಮಿ. ಹೊಸದಾಗಿ ಕೊಳ್ಳುವುದು ಏನೂ ಇಲ್ಲ. ಊಟಕ್ಕೆ ಕೂರುವ ಸರದಿ ಬದಲಿಸಲು ಯಾವ ಅಂಗಡಿಗೆ ಹೋಗಬೇಕು?

ಮೊನ್ನೆ ಮತ್ತೆ ಪೇಟೆಗೆ ಹೋಗಿದ್ದೆವು. ನಳಿಕೆ ಹಳದಿಗೆ ನಿಂತಿತು. ಗಾಯ ಪೂರ್ತಿ ಆರಿಲ್ಲ, ಆದರೆ ಅಂಚು ಕೂಡುತ್ತಿದೆ. ಸದ್ಯಕ್ಕೆ ಕತ್ತರಿ ಬೇಡ ಎಂದರು ಡಾಕ್ಟರು. ಹೊಸದಾಗಿ ಏನು ತಗೊಂಡಿರಿ ಎಂದೂ ಕೇಳಿದರು.

"ಏನಿಲ್ಲ ಸಾಮಿ. ಮೊದ್ಲು ಕುಂತ್ಕತೀನಿ" ಎಂದಳು ಅಕ್ಕ.

ನಿಮ್ಮ ಮನೆಯಲ್ಲಿ ಇವತ್ತು ಪಲ್ಯದ ಪಾತ್ರೆಯ ತಳ ಕೆರೆದವರು ಯಾರು?