ಹೆಂಡತಿಗೊಂದು ಗಟ್ಟಿ ಕೊಕ್ಕೆ

ಕೊಕ್ಕೆಯ ಬಾಯಿ ತಾನಾಗಿ ತೆರೆದುಕೊಳ್ಳಬಹುದಿತ್ತು. ಅದರ ಸ್ಪ್ರಿಂಗ್ ಸೋಲಬಹುದಿತ್ತು, ಹಗ್ಗ ಸವೆಯಬಹುದಿತ್ತು, ಬೆಲ್ಟಿನ ಹೊಲಿಗೆ ಬಿಡಬಹುದಿತ್ತು. ಗರಿಗಳ ನಡುವೆ ಕಣಜದ ಗೂಡಿರಬಹುದಿತ್ತು. ಇದೊಂದೂ ಆಗದೆ, ಕೆಳಗೆ ನಿಂತ ನನ್ನ ತಲೆಯ ಮೇಲೇ ಕಾಯಿ ಬೀಳಬಹುದಿತ್ತು.

ಹರದನಹಳ್ಳಿಯ ನಮ್ಮ ತೋಟದಲ್ಲಿ ತೆಂಗಿನಮರ ಹತ್ತಲು ಹೊರಟವಳು ನನ್ನ ಹೆಂಡತಿ. ಕಾಯಿ ಕೀಳುವವರು ಇವತ್ತು ನಾಳೆ ಎಂದು ಆಟವಾಡಿಸಿದ್ದಕ್ಕೆ ಬೇಸತ್ತು, ಮರ ಹತ್ತುವ ಯಂತ್ರದ ತರಬೇತಿಗೆ ಹೋಗಿ ಕಲಿತು ಬಂದಿದ್ದಳು. ನಾನು ಹಾಕಿದ ಷರತ್ತು ಒಂದೇ: ಸೊಂಟದ ಬೆಲ್ಟಿಗೂ ಮರವನ್ನು ಸುತ್ತಿದ ಹಗ್ಗಕ್ಕೂ ನಡುವಿನ ಕೊಕ್ಕೆಯನ್ನು ನಾನೇ ಆರಿಸುತ್ತೇನೆ. ನೆಲದ ಮೇಲೆ ನಿಂತು ತೋರಿಸಬಹುದಾದ ಧೈರ್ಯ ಅಷ್ಟೇ ಇತ್ತು.

ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ನೀಲಿ ಬಣ್ಣದ ಹಗುರ ಕೊಕ್ಕೆಯೊಂದನ್ನು ಎಳೆದೆ, ಜಗ್ಗಿದೆ, ಕಚ್ಚುವುದೊಂದು ಬಾಕಿಯಿತ್ತು. ಹೆಂಡತಿ ಮರ ಹತ್ತುವುದಕ್ಕೆ ಎಂದಾಗ ಅಂಗಡಿಯವನು ಅದನ್ನು ಕಿತ್ತುಕೊಂಡ.

"ಇದು ಬೀಗದ್ ಕೈ ನೇತಾಕಕ್ಕೆ ಕಣಣ್ಣ, ಎಂಡ್ರುನ್ನಲ್ಲ!"

ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಟವರ್ ಹತ್ತುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಉಕ್ಕಿನ ಕೊಕ್ಕೆ ಸಿಕ್ಕಿತು. ಎಷ್ಟು ಭಾರ ತಡೆಯುತ್ತದೆಂದು ಮೈಮೇಲೇ ಅಚ್ಚಾಗಿತ್ತು. ಬೆರಳು ತೆಗೆದರೆ ಬಾಯಿ ಟಕ್ಕನೆ ಮುಚ್ಚುತ್ತಿತ್ತು, ಮುಚ್ಚಿದ ಮೇಲೆ ತಿರುಗಿಸಿ ಬಿಗಿಯಲು ಲಾಕ್ ಬೇರೆ. ಮನೆಗೆ ತಂದು ಹಲಸಿನ ಕೊಂಬೆಗೆ ಸಿಕ್ಕಿಸಿ ನಾನೇ ನೇತಾಡಿದೆ. ಕೊಂಬೆ ನರಳಿತು, ಕೊಕ್ಕೆ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಅನುಮಾನ ಬೆಲ್ಟಿನ ಬಕಲ್ ಮೇಲೆ ತಿರುಗಿತು. ಬೆಳಿಗ್ಗೆ ಮನೆಯಲ್ಲೇ ಅವಳಿಗೆ ಬೆಲ್ಟ್ ಕಟ್ಟಿ, ಬಕಲ್ ಸುತ್ತ ತಂತಿ ಬಿಗಿದು, ಕಟಿಂಗ್ ಪ್ಲೇಯರ್‌ನಿಂದ ತಿರುಚಿದೆ. ತೋಟದಲ್ಲಿ ಕೊಕ್ಕೆ ಸಿಕ್ಕಿಸಿ, ಲಾಕಿಗೆ ಟವೆಲ್ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದೆ.

"ಸಾಕು ಬುಡಿ, ಅದೇನ್ ಬೋರ್‌ವೆಲ್ ಪೈಪಾ?" ಅಂದಳು.

ಹತ್ತಿದಳು. ಕಾಯಿ ಕೆಡವಿದಳು. ನಾನು ಉಸಿರಾಡುವುದನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಇಳಿದೂ ಬಂದಳು.

ಲಾಕ್ ಮಾತ್ರ ತೆರೆಯಲಿಲ್ಲ. ಅವಳು ತಿರುಗಿಸಿದಳು, ನಾನು ತಿರುಗಿಸಿದೆ, ಟವೆಲ್ ಹರಿಯಿತು. ಹಗ್ಗ ಬಿಚ್ಚೋಣವೆಂದರೆ ಅದರ ಗಂಟೂ ನಾನೇ ಹಾಕಿದ್ದು. ಬೆಲ್ಟ್ ಬಿಚ್ಚೋಣವೆಂದರೆ ನನ್ನ ತಂತಿ. ಪ್ಲೇಯರ್ ಮನೆಯಲ್ಲಿ.

ನಾನು ಸ್ಕೂಟರ್ ಸ್ಟಾರ್ಟ್ ಮಾಡುವಾಗ ಅವಳು ಹಗ್ಗಕ್ಕೆ ಮೈ ಒರಗಿಸಿ, ಮರದ ಬುಡದಲ್ಲಿ ನಿಂತೇ ಕೂಗಿದಳು: "ಕಟ್ಟಾಕಿದ್ದಾಯ್ತಲ್ಲ, ಬರೋವಾಗ ಒಸಿ ಉಲ್ಲೂ ತನ್ನಿ!"