ಯಂತ್ರದೊಳಗಿನ ಕೊಸರು

ಕೊರೊನಾ ಕಳೆದು ಅಂಗಡಿಗಳು ಮತ್ತೆ ಪೂರ್ತಿ ಬಾಗಿಲು ತೆರೆದ ವರ್ಷ ನಾನು ಬೆಂಗಳೂರಿನ ಪೂರ್ವ ಭಾಗದಲ್ಲಿ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದೆ. ಶಿವಾಜಿನಗರದಿಂದ ಹಿಡಿದು ಟಿನ್ ಫ್ಯಾಕ್ಟರಿಯವರೆಗೆ ನನ್ನ ಸರಹದ್ದು. ಬಂಗಾರದಂಗಡಿಯ ಮಿಲಿಗ್ರಾಂ ತಕ್ಕಡಿಯಿಂದ ಗುಜರಿಯವರ ದೊಡ್ಡ ತಕ್ಕಡಿಯವರೆಗೆ ಎಲ್ಲವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುವುದು, ದೂರು ಬಂದರೆ ಹೋಗಿ ನೋಡುವುದು ನನ್ನ ಕೆಲಸ. ಹುಟ್ಟಿದ್ದು ಗದಗದ ಕಡೆ, ನೌಕರಿಯ ಬಹುಪಾಲು ಕಳೆದದ್ದು ಇಲ್ಲಿ. ಅಂಗಡಿಯ ಮುಂದೆ ನಾನು ಜೀಪಿನಿಂದ ಇಳಿಯುವಾಗಲೇ ಯಾರ ತಕ್ಕಡಿ ಸರಿಯಿಲ್ಲವೆಂದು ಅರ್ಧ ಗೊತ್ತಾಗಿಬಿಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಈಗ ಹೇಳಹೊರಟಿರುವ ಪ್ರಕರಣದಲ್ಲಿ ಅಂಗಡಿಯವರು ಹೆಗಲು ಮುಟ್ಟಿಕೊಳ್ಳಲೇ ಇಲ್ಲ. ಎದ್ದು ಬಂದು ನನಗೆ ಕುರ್ಚಿ ಹಾಕಿಸಿದರು.

ದೂರು ತಂದದ್ದು ಹಲಸೂರಿನ ಸೆಲ್ವಿ. ನಲವತ್ತರ ಆಸುಪಾಸಿನ ಹೆಂಗಸು. ಆಕೆಯ ಓಣಿಯ ಐದಾರು ಹೆಂಗಸರು ಸೇರಿ ಉದ್ದಿನ ಹಪ್ಪಳ ಮಾಡುತ್ತಿದ್ದರು. ಒಣಗಿದ ಹಪ್ಪಳವನ್ನು ಅದೇ ಓಣಿಯ ರಾಜಮ್ಮನವರ ದಿನಸಿ ಅಂಗಡಿಯಲ್ಲಿ ಹತ್ತು ಕಿಲೋ ತೂಗಿ ಚೀಲಕ್ಕೆ ತುಂಬುತ್ತಿದ್ದರು. ರಾಜಮ್ಮನವರು ಆ ಗುಂಪಿಗೆ ಹಿರಿಯರು, ಹಿಟ್ಟು ಸಾಲವಾಗಿ ಕೊಡುತ್ತಿದ್ದುದೂ ಅವರೇ. ಸೆಲ್ವಿ ವಾರಕ್ಕೊಮ್ಮೆ ಆ ಚೀಲವನ್ನು ಬಸ್ಸಿನಲ್ಲಿ ಒಯ್ದು, ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯಲ್ಲಿದ್ದ ವಹೀದ್ ಭಾಯ್ ಅಂಗಡಿಗೆ ಕೊಟ್ಟು ಬರಬೇಕು. ಕೆಲವು ತಿಂಗಳಿಂದ ಆ ಅಂಗಡಿಯಲ್ಲಿ ಹತ್ತು ಕಿಲೋ ಚೀಲ ಪ್ರತಿ ಸಲವೂ ಒಂಬತ್ತು ಕಿಲೋ ಎಂಟುನೂರು ಗ್ರಾಂ ತೂಗುತ್ತಿತ್ತು.

ಕಡಿಮೆಯಾಗುತ್ತಿದ್ದದ್ದು ಇನ್ನೂರು ಗ್ರಾಂ. ವಹೀದ್ ಭಾಯ್ ಹಪ್ಪಳವನ್ನು ಮಾರುತ್ತಿದ್ದ ಪ್ಯಾಕೆಟ್ಟೂ ಇನ್ನೂರು ಗ್ರಾಮಿನದೇ. ಓಣಿಯವರಿಗೆ ಲೆಕ್ಕ ಸುಲಭವಾಯಿತು. ಸೆಲ್ವಿ ದಾರಿಯಲ್ಲಿ ವಾರಕ್ಕೊಂದು ಪ್ಯಾಕೆಟ್ಟಿನಷ್ಟು ತೆಗೆದು ಯಾರಿಗೋ ಮಾರುತ್ತಿದ್ದಾಳೆ ಎಂದು ತೀರ್ಮಾನಿಸಿದರು. ಮುಖಕ್ಕೆ ಯಾರೂ ಹೇಳಲಿಲ್ಲ. ಆಕೆ ನಲ್ಲಿಯ ಹತ್ತಿರ ಬಂದರೆ ಅಲ್ಲಿದ್ದವರ ಮಾತು ನಿಂತುಹೋಗುತ್ತಿತ್ತಂತೆ.

ತಕ್ಕಡಿ ತಪ್ಪಿದ್ದರೆ ಅಂಗಡಿಯವರಿಗೆ ದಂಡ ಹಾಕಬಹುದು, ಆದರೆ ನಿಮ್ಮ ಹಣ ವಾಪಸು ಕೊಡಿಸುವುದು ನನ್ನ ಕೈಯಲ್ಲಿಲ್ಲ ಎಂದು ನಾನು ಮೊದಲೇ ಹೇಳಿದೆ. ಸುಳ್ಳು ಭರವಸೆ ಕೊಟ್ಟು ಕಳಿಸುವುದು ನನಗೆ ಆಗದ ಕೆಲಸ.

"ದುಡ್ಡು ಬರ್ಲಿ ಬಿಡ್ಲಿ ಮೇಡಂ" ಎಂದಳು ಸೆಲ್ವಿ. "ನಾನು ಕಳ್ಳಿ ಅಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ಅಷ್ಟೇ."

ಅದಕ್ಕಂತೂ ನನ್ನ ಕಾಯ್ದೆಯಲ್ಲಿ ಸೆಕ್ಷನ್ನೇ ಇರಲಿಲ್ಲ. ದೂರು ಬರೆಸಿಕೊಂಡು ಕಳಿಸಿದೆ.

ಎರಡು ಕಡೆ ತೂಗಿದ ಸರಕಿನಲ್ಲಿ ವ್ಯತ್ಯಾಸ ಬಂದರೆ ಎರಡೂ ತಕ್ಕಡಿಗಳನ್ನು ನೋಡಬೇಕು. ಮೊದಲು ಹಲಸೂರಿಗೆ ಹೋದೆ. ನಮ್ಮ ಬಳಿ ಪರೀಕ್ಷೆಗೆಂದೇ ಹಿತ್ತಾಳೆಯ ತೂಕದ ಬಟ್ಟುಗಳಿರುತ್ತವೆ. ಅವುಗಳನ್ನು ಪ್ರಯೋಗಾಲಯದಲ್ಲಿ ಕಾಲಕಾಲಕ್ಕೆ ತಾಳೆ ನೋಡಿರುತ್ತಾರಾದ್ದರಿಂದ ಅವು ತೋರಿಸಿದ್ದೇ ತೂಕ. ರಾಜಮ್ಮನವರ ತಕ್ಕಡಿಯ ಮೇಲೆ ಒಂದು ಕಿಲೋ ಇಟ್ಟರೆ ಒಂದು ಕಿಲೋ, ಹತ್ತು ಇಟ್ಟರೆ ಹತ್ತು. ಮುದ್ರೆಯೂ ಗಟ್ಟಿಯಾಗಿತ್ತು. ನಾನು ಬಟ್ಟುಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ರಾಜಮ್ಮನವರು ಹತ್ತಿರ ಬಂದು ದನಿ ತಗ್ಗಿಸಿದರು.

"ತಕ್ಕಡಿಲಿ ಏನಿರುತ್ತೆ ಮೇಡಂ, ಎಲ್ಲಾ ಕೈಲಿರುತ್ತೆ" ಎಂದರು.

ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಆ ಕ್ಷಣಕ್ಕೆ ಜ್ವರ ಎತ್ತಿಗೋ ಎಮ್ಮೆಗೋ ಎಂಬುದು ನನಗೂ ಗೊತ್ತಿರಲಿಲ್ಲ. ಸುಮ್ಮನೆ ಜೀಪು ಹತ್ತಿದೆ.

ವಹೀದ್ ಭಾಯ್ ಅಂಗಡಿಯಲ್ಲಿ ಬಾದಾಮಿ, ಖರ್ಜೂರ, ಮಸಾಲೆ ಸಾಮಾನು, ಹಪ್ಪಳ ಸಿಗುತ್ತಿದ್ದವು. ತಂದೆಯ ಕಾಲದ ಅಂಗಡಿ. ಅವರ ತೂಕಕ್ಕೆ ಹೆಸರಿತ್ತು. ನಮ್ಮ ಆಫೀಸಿನವರೇ ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿಂದ ತಂದದ್ದನ್ನು ಮನೆಯಲ್ಲಿ ತೂಗಿ ನೋಡಿದರೆ ಸ್ವಲ್ಪ ಹೆಚ್ಚೇ ಬರುತ್ತದೆ ಎಂದು ಇಂದಿರಾನಗರದಿಂದ ಬರುವ ಹೆಂಗಸರೂ ಹೇಳುತ್ತಿದ್ದರು. ಅಂಥ ಅಂಗಡಿಯ ಮೇಲೆ ದೂರು ಎಂದರೆ ನಂಬುವವರಿಲ್ಲ. ನಾನೂ ಅಷ್ಟಾಗಿ ನಂಬಿರಲಿಲ್ಲ.

ಒಂದು ಕಿಲೋ ಬಟ್ಟು ಇಟ್ಟೆ. ಎಲೆಕ್ಟ್ರಾನಿಕ್ ತಕ್ಕಡಿ ಒಂಬೈನೂರ ಎಂಬತ್ತು ಗ್ರಾಂ ತೋರಿಸಿತು. ಐದು ಕಿಲೋ ಇಟ್ಟರೆ ನಾಲ್ಕು ಕಿಲೋ ಒಂಬೈನೂರು. ಹತ್ತಕ್ಕೆ ಒಂಬತ್ತು ಕಿಲೋ ಎಂಟುನೂರು. ತಕ್ಕಡಿಯನ್ನು ತಿರುಗಿಸಿ ನೋಡಿದೆ. ಯಾರೂ ಒಳಗೆ ಕೈಹಾಕದಂತೆ ನಾವು ತಂತಿಗೆ ಹಾಕುವ ಸೀಸದ ಮುದ್ರೆ ಕತ್ತರಿಸಿಹೋಗಿತ್ತು. ಹೊಸ ತಂತಿ ಸುತ್ತಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮೋಸ ಮಾಡುವ ಅಂಗಡಿಯ ತಕ್ಕಡಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗಿರಾಕಿ ಒಂದು ಕಿಲೋಗೆ ದುಡ್ಡು ಕೊಟ್ಟು ಅದಕ್ಕಿಂತ ಕಡಿಮೆ ಒಯ್ಯುತ್ತಾನೆ. ಈ ತಕ್ಕಡಿ ಕಡಿಮೆ ತೋರಿಸುತ್ತಿತ್ತು. ಅಂದರೆ ಕಿಲೋಗೆ ದುಡ್ಡು ಕೊಟ್ಟವನಿಗೆ ಇಪ್ಪತ್ತು ಗ್ರಾಂ ಹೆಚ್ಚಿಗೆ ಹೋಗುತ್ತಿತ್ತು. ನನ್ನಷ್ಟು ವರ್ಷದ ಸರ್ವಿಸ್‌ನಲ್ಲಿ ಬೇಕೆಂದೇ ಹೀಗೆ ತಿದ್ದಿದ ತಕ್ಕಡಿಯನ್ನು ನೋಡಿದ್ದು ಅದೇ ಮೊದಲು. ಕಾಯ್ದೆಗೆ ಮಾತ್ರ ಎರಡೂ ಒಂದೇ. ತಪ್ಪು ಯಾರ ಕಡೆ ವಾಲಿದರೂ ತಪ್ಪು, ಮುದ್ರೆ ಒಡೆದರೆ ಅಪರಾಧ.

ಮಹಜರಿಗೆ ಇಬ್ಬರು ಸಾಕ್ಷಿ ಬೇಕೆಂದು ಗಿರಾಕಿಗಳನ್ನು ಕರೆದೆ. ಅವರಲ್ಲಿ ಒಬ್ಬರಿಗೆ ವಿಷಯ ಅರ್ಥವಾಗುತ್ತಲೇ ನಗು ಬಂತು. "ನಮಗೆ ಜಾಸ್ತಿ ಬಂದ್ರೆ ನಿಮಗೇನ್ರೀ ಮೇಡಂ ಕಷ್ಟ?" ಎಂದು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಸಹಿ ಹಾಕಿ ಅಂದೆ.

ವಹೀದ್ ಭಾಯ್ ಏನನ್ನೂ ಮುಚ್ಚಿಡಲಿಲ್ಲ. ಅವರ ತಂದೆಯ ಕಾಲದಲ್ಲಿ ತೂಕ ಮುಗಿದ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಕೊಸರು ಬೀಳುತ್ತಿತ್ತು. ಕೊಸರು ಕೊಡದ ವ್ಯಾಪಾರಕ್ಕೆ ಬರ್ಕತ್ತಿಲ್ಲ, ಅಂದರೆ ಏಳಿಗೆಯಿಲ್ಲ ಎಂದು ಆ ತಂದೆ ಹೇಳುತ್ತಿದ್ದರಂತೆ. ಈಗ ತೂಗುವವರು ಸಂಬಳದ ಹುಡುಗರು. ಪರಿಚಯದವರಿಗೆ ಎರಡು ಹಿಡಿ ಹಾಕುತ್ತಾರೆ, ಬುರ್ಖಾ ಹಾಕಿದ ಮುದುಕಿ ಬಂದರೆ ಮರೆತುಬಿಡುತ್ತಾರೆ. ದಿನವೂ ಅದೇ ಜಗಳ. ಕೊರೊನಾ ನಂತರ ಹೊಸ ತಕ್ಕಡಿ ಕೊಂಡಾಗ ವಹೀದ್ ಭಾಯ್ ರಿಪೇರಿಯವನನ್ನು ಕರೆಸಿ, ಕೊಸರನ್ನು ಯಂತ್ರದೊಳಗೇ ಹಾಕಿಬಿಡು ಎಂದರು. ಅವನು ಒಂದು ಕಿಲೋ ಬಟ್ಟಿನ ಜೊತೆ ಇನ್ನೂ ಇಪ್ಪತ್ತು ಗ್ರಾಂ ಇಟ್ಟು, ಇದೇ ಒಂದು ಕಿಲೋ ಎಂದು ಯಂತ್ರಕ್ಕೆ ಕಲಿಸಿ ಹೋದ. ಅಂದಿನಿಂದ ಯಾರೇ ತೂಗಲಿ, ಯಾರೇ ಬರಲಿ, ಎಲ್ಲರಿಗೂ ಒಂದೇ ಕೊಸರು.

ಹೇಳುವಾಗ ಅವರ ಮುಖದಲ್ಲಿ ನಾಚಿಕೆಯೇನೂ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿ ಸಿಕ್ಕಿಬಿದ್ದವರ ಮುಖ. ನನಗೂ ಒಂದು ಗಳಿಗೆ ಮನಸ್ಸು ಮೆತ್ತಗಾಯಿತು.

"ಹಪ್ಪಳ ತಂದುಕೊಡೋರಿಂದ ತಗೊಳ್ಳೋದು ಯಾವ ತಕ್ಕಡಿಯಲ್ಲಿ?" ಎಂದು ಕೇಳಿದೆ.

"ಇದರಲ್ಲೇ ಮೇಡಂ. ಇನ್ಯಾವುದಿದೆ?" ಎಂದವರು ಹಾಗೇ ನಿಂತರು. ತಕ್ಕಡಿ ನೋಡಿದರು, ಗೋಡೆಯ ಪಕ್ಕದ ಹಪ್ಪಳದ ರಾಶಿ ನೋಡಿದರು. "ಯಾ ಅಲ್ಲಾ" ಎಂದು ಮೆಲ್ಲಗೆ ಅಂದು ಕುರ್ಚಿಯಲ್ಲಿ ಕುಳಿತರು.

ಬಾದಾಮಿ, ಖರ್ಜೂರ ಸಗಟು ಅಂಗಡಿಯಿಂದ ತೂಗಿಯೇ ಬರುತ್ತಿದ್ದರಿಂದ ಅವುಗಳ ಕೊಸರು ವಹೀದ್ ಭಾಯ್ ಜೇಬಿನಿಂದಲೇ ಹೋಗುತ್ತಿತ್ತು. ಹಪ್ಪಳದ ವಿಷಯ ಬೇರೆ. ಹತ್ತು ಕಿಲೋ ತಂದವರಿಗೆ ಒಂಬತ್ತು ಕಿಲೋ ಎಂಟುನೂರಕ್ಕೆ ಹಣ ಕೊಟ್ಟು, ಆ ಹತ್ತು ಕಿಲೋವನ್ನೇ ಒಂಬತ್ತು ಕಿಲೋ ಎಂಟುನೂರು ಎಂದು ಮಾರುತ್ತಿದ್ದರು. ಅವರಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಕೊಸರು ಕೊಡುತ್ತಿದ್ದವರು ಹಲಸೂರಿನ ಓಣಿಯ ಹೆಂಗಸರು, ಹೆಸರು ವಹೀದ್ ಭಾಯ್‌ದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ನಮ್ಮ ಕಡೆ ಅನ್ನುವುದು ಇದಕ್ಕೇ. ಸೆಲ್ವಿಯನ್ನು ಓಣಿಯಲ್ಲಿ ಏನೆನ್ನುತ್ತಿದ್ದಾರೆ ಎಂಬುದನ್ನೂ ನಾನು ಅವರಿಗೆ ಹೇಳಿದೆ. ಅದನ್ನು ಹೇಳುವ ಅಗತ್ಯ ಕಾಯ್ದೆಯಲ್ಲಿರಲಿಲ್ಲ. ಹೇಳದಿರಲು ನನಗೆ ಆಗಲಿಲ್ಲ.

ತಕ್ಕಡಿಯನ್ನು ಯಾರೂ ಬಳಸದಂತೆ ಸೀಲು ಮಾಡಿ ಅಂಗಡಿಯ ಒಂದು ಮೂಲೆಯಲ್ಲೇ ಇರಿಸಿದೆ. ಮೊದಲ ಅಪರಾಧವಾದರೆ ಕೋರ್ಟಿಗೆ ಹೋಗದೆ ಇಲಾಖೆಯಲ್ಲೇ ದಂಡ ಕಟ್ಟಿ ಮುಗಿಸಿಕೊಳ್ಳಲು ಅವಕಾಶವಿದೆ. ಅದಕ್ಕೆ ರಾಜಿ ಎನ್ನುತ್ತೇವೆ. ವಹೀದ್ ಭಾಯ್ ಅದಕ್ಕೆ ಒಪ್ಪಿದರು. ರಿಪೇರಿಯವನ ಮೇಲೆ ಬೇರೆ ಪ್ರಕರಣವಾಯಿತು.

ದಂಡ ಕಟ್ಟಲು ಅವರು ಕಚೇರಿಗೆ ಬಂದ ದಿನ ದೂರುದಾರಳ ಹೇಳಿಕೆಗೆಂದು ಸೆಲ್ವಿಯೂ ಬಂದಿದ್ದಳು. ವಹೀದ್ ಭಾಯ್ ಅವಳಿಗೆ ಕೈ ಮುಗಿದರು. ಇಷ್ಟು ತಿಂಗಳ ಕೊರತೆಯ ಎರಡು ಪಟ್ಟು ಕೊಡುವುದಾಗಿ, ಇನ್ನು ಮುಂದೆ ಹಪ್ಪಳಕ್ಕೆ ಹೆಚ್ಚು ದರ ಕೊಡುವುದಾಗಿ ಹೇಳಿದರು. ಆದರೆ ವಿಷಯ ಇಲ್ಲಿಗೇ ಮುಗಿಯಲಿ ಎಂದು ಕೇಳಿಕೊಂಡರು. ತೂಕದ ಮೇಲೆ ನಿಂತ ಅಂಗಡಿ. ಬಜಾರಿನಲ್ಲಿ ಅರ್ಧ ಮಾತು ಕೇಳಿಸಿಕೊಳ್ಳುವವರೇ ಹೆಚ್ಚು. ಕಡಿಮೆಯೋ ಹೆಚ್ಚೋ ಯಾರೂ ವಿಚಾರಿಸುವುದಿಲ್ಲ, ವಹೀದ್ ಕಾಟಾ ಮೋಸ ಎಂಬ ಮೂರೇ ಪದ ಉಳಿಯುತ್ತದೆ ಎಂದರು. ಕಾಟಾ ಎಂದರೆ ಅವರ ಮಾತಿನಲ್ಲಿ ತಕ್ಕಡಿ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸೆಲ್ವಿ ಪೂರ್ತಿ ಕೇಳಿಸಿಕೊಂಡಳು.

"ನಿಮ್ಮ ಹೆಸರು ದೊಡ್ಡದು ಭಾಯ್. ಸ್ವಲ್ಪ ಹೋದ್ರೂ ಸ್ವಲ್ಪ ಉಳಿಯುತ್ತೆ. ನಂದು ಇದ್ದಿದ್ದೇ ಅಷ್ಟು" ಎಂದಳು.

ಹೇಳಿಕೆಗೆ ಸಹಿ ಹಾಕಿ ಹೊರಟುಹೋದಳು. ವಹೀದ್ ಭಾಯ್ ನನ್ನ ಮುಖ ನೋಡಿದರು. ಅವಳ ಓಣಿಗೆ ಹೋಗಿ ಹೇಳಿ ಎಂದು ನಿಮಗೆ ಆದೇಶ ಕೊಡುವ ಅಧಿಕಾರ ನನಗಿಲ್ಲ ಎಂದೆ. ಸೆಲ್ವಿ ಕೇಳಿದರೆ ಮಹಜರಿನ ಪ್ರತಿ ಕೊಡಬಹುದಿತ್ತು, ಆದರೆ ಆ ಕಾಗದವನ್ನು ಓಣಿಯಲ್ಲಿ ಯಾರು ಓದಿ ಯಾರು ನಂಬುತ್ತಿದ್ದರು? ಅಂದು ಮನೆಗೆ ಹೋಗುವಾಗಲೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಮುಂದಿನ ವಾರ ತಕ್ಕಡಿಯನ್ನು ಸರಿಪಡಿಸಿ ಮರು ಮುದ್ರೆ ಹಾಕಲು ಅಂಗಡಿಗೆ ಹೋದೆ. ಶನಿವಾರ, ಗಿರಾಕಿಗಳ ಗದ್ದಲ. ನಾನು ಸೀಲು ತೆಗೆದೆ. ಹೊಸ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. ವಹೀದ್ ಭಾಯ್ ಅವನ ಕೈ ಹಿಡಿದರು.

"ಈಗ್ಲೇ ಸರಿ ಮಾಡ್ಬೇಡ. ಜನ ಬರ್ಲಿ."

ಬಂದವರು ಹಲಸೂರಿನ ಹೆಂಗಸರು. ರಾಜಮ್ಮನವರು ಮುಂದೆ, ಸೆಲ್ವಿ ಎಲ್ಲರಿಗಿಂತ ಹಿಂದೆ. ವಹೀದ್ ಭಾಯ್ ತಾವೇ ಹಿಂದಿನ ದಿನ ಓಣಿಗೆ ಹೋಗಿ ಕರೆದು ಬಂದಿದ್ದರಂತೆ. ಗಲ್ಲಾದ ಮುಂದೆ ಜಾಗ ಮಾಡಿಸಿ, ಹತ್ತು ಕಿಲೋ ಬಟ್ಟು ಇಡಿ ಎಂದು ನನ್ನನ್ನು ಕೇಳಿದರು. ಇಟ್ಟೆ. ತಕ್ಕಡಿ ಎಷ್ಟು ತೋರಿಸುತ್ತಿದೆ, ಗಟ್ಟಿಯಾಗಿ ಓದಿ ಎಂದು ರಾಜಮ್ಮನವರಿಗೆ ಹೇಳಿದರು. ರಾಜಮ್ಮನವರು ಕನ್ನಡಕ ಸರಿಮಾಡಿಕೊಂಡು, ಒಂಬತ್ತು ಕಿಲೋ ಎಂಟುನೂರು ಎಂದು ಓದಿದರು. ಇನ್ನೊಮ್ಮೆ ಹತ್ತಿರ ಬಗ್ಗಿ ನೋಡಿದರು.

"ಕಮ್ಮಿ ಆಗ್ತಿದ್ದಿದ್ದು ಇಲ್ಲಿ" ಎಂದರು ವಹೀದ್ ಭಾಯ್. "ಸೆಲ್ವಿ ಚೀಲದಲ್ಲಿ ಅಲ್ಲ. ನನ್ನ ಕಾಟಾ ತಪ್ಪಿತ್ತು. ತಪ್ಪು ಮಾಡಿಸಿದ್ದು ನಾನು."

ಅವರು ಹೆದರಿದ್ದೇ ಆಯಿತು. ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಪಕ್ಕದವರಿಗೆ, ಇಷ್ಟು ದಿನ ನಮಗೆ ಕಡಿಮೆ ತೂಗುತ್ತಿದ್ದರೇನ್ರೀ ಎಂದು ಕೇಳಿದರು. ನಾನು ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರು ಕೈಯಲ್ಲಿದ್ದ ಸಾಮಾನು ಕೆಳಗಿಟ್ಟು ಹೊರಟಿದ್ದರು. ವಹೀದ್ ಭಾಯ್ ಅವರನ್ನು ಕರೆಯಲಿಲ್ಲ.

ರಾಜಮ್ಮನವರು ಸೆಲ್ವಿಯ ಕಡೆ ತಿರುಗಿ, "ನೀನು ಕದ್ದೆ ಅಂತ ನಾನೆಲ್ಲಿ ಅಂದೆನಮ್ಮಾ? ಕೇಳಿದ್ದೆ ಅಷ್ಟೇ" ಎಂದರು.

"ಕೇಳಿದ್ರೆ ಹೇಳ್ತಿದ್ದೆ ಅಕ್ಕಾ" ಎಂದಳು ಸೆಲ್ವಿ. "ನೀವು ಕೇಳ್ಲಿಲ್ಲ. ನಾನು ಮನೇಲಿ ಇಲ್ದಾಗ ಬಂದು ನನ್ನ ಮಗಳ ಹತ್ರ ಡಬ್ಬ ಎಲ್ಲಾ ತೆಗೆಸಿ ನೋಡಿದ್ರಿ."

ಈ ಮಾತನ್ನು ಆಕೆ ನನಗೂ ಹೇಳಿರಲಿಲ್ಲ. ಕೆಲಸ ಮುಗಿಸಬೇಕಲ್ಲ, ನಾನು ರಿಪೇರಿಯವನಿಗೆ ಸನ್ನೆ ಮಾಡಿದೆ. ಹತ್ತು ನಿಮಿಷದಲ್ಲಿ ತಕ್ಕಡಿ ಸರಿಹೋಯಿತು. ಹತ್ತು ಕಿಲೋ ಇಟ್ಟರೆ ಹತ್ತು ಕಿಲೋ ತೋರಿಸಿತು. ಮುದ್ರೆ ಹಾಕಿದೆ.

ನಿವೃತ್ತಿಯಾಗುವವರೆಗೂ ಆ ಅಂಗಡಿಗೆ ವರ್ಷ ವರ್ಷ ಹೋಗಿದ್ದೇನೆ. ಅಲ್ಲಿ ಈಗ ತೂಕ ಎಲ್ಲರಿಗೂ ಕಾಣುವಂತೆ ಆಗುತ್ತದೆ, ಕೊಸರು ಬೇರೆಯಾಗಿ, ಕೈಯಿಂದ, ಕೊಳ್ಳುವವರ ಎದುರಿಗೇ ಬೀಳುತ್ತದೆ. ಹುಡುಗರು ಒಮ್ಮೊಮ್ಮೆ ಮರೆಯುತ್ತಾರೆ, ಗಿರಾಕಿಗಳು ಜಗಳವಾಡುತ್ತಾರೆ. ಆಡಲಿ. ಬಚ್ಚಿಟ್ಟು ಮಾಡಿದ ಉಪಕಾರದ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂದು ಮಾಡಿದವರಿಗೇ ತಿಳಿಯುವುದಿಲ್ಲ. ಎದುರಿಗೆ ಕೊಟ್ಟದ್ದನ್ನಾದರೆ ಯಾರೋ ಒಬ್ಬರು ಪ್ರಶ್ನೆ ಮಾಡುತ್ತಾರೆ. ಪ್ರಾಮಾಣಿಕತೆಗೆ ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಂಡಿದ್ದ ನನಗೆ ನೌಕರಿ ಕಲಿಸಿದ್ದು ಇದು. ತೂಕ, ಎಣಿಕೆ ಹತ್ತಾರು ಜನರ ಕಣ್ಣೆದುರು ನಡೆಯಬೇಕು, ಒಳ್ಳೆಯವರದ್ದಾದರೆ ಇನ್ನೂ ಜರೂರಾಗಿ ನಡೆಯಬೇಕು.

ಕೊನೆಯ ಸಲ ಹೋದಾಗ ಹಲಸೂರಿನ ಹಪ್ಪಳ ಬಂದಿತ್ತು. ತಂದವರು ಇಬ್ಬರು. ಸೆಲ್ವಿ ಒಬ್ಬಳು, ರಾಜಮ್ಮನವರ ಸೊಸೆ ಇನ್ನೊಬ್ಬಳು. ಹತ್ತು ಕಿಲೋ ಚೀಲಕ್ಕೆ ಇಬ್ಬರೇಕೆ ಎಂದು ಕೇಳಿದೆ. ಈಗ ಓಣಿಯಲ್ಲಿ ಎಲ್ಲರೂ ನನ್ನನ್ನು ನಂಬುತ್ತಾರೆ, ನೀನೊಬ್ಬಳೇ ಹೋಗಿ ಬಾ ಅನ್ನುತ್ತಾರೆ ಎಂದಳು ಸೆಲ್ವಿ.

"ನಾನೇ ಒಬ್ಬಳೇ ಹೋಗಲ್ಲ ಮೇಡಂ."